ಗುಂಡಿ ಅತ್ತೆಯ ಕೀಲಿಕೈ

ಊಟದ ಗಂಟೆ ಹೊಡೆದದ್ದೇ ತಡ, ಕಾಲರ್ ತನ್ನ ಹೊಸ ಗುರುತಿನ ಚೀಟಿ ಹಿಡಿದು ನೇರವಾಗಿ ಗುಂಡಿ ಅತ್ತೆಯ ಮುಂದೆ ನಿಂತಳು. ಹೊಲಿಗೆ ಕಾರ್ಖಾನೆಯಲ್ಲಿ ಅವಳದು ಅಂಗಿಗೆ ಕಾಲರ್ ಕೂರಿಸುವ ಕೆಲಸ. ಹೆಸರೂ ಅದೇ ಆಗಿಹೋಗಿತ್ತು. ಕೆಲಸಕ್ಕೆ ಸೇರಿದಾಗಿನ ಕಾಗದದಲ್ಲಿ ಗಂಡು ಎಂದಿತ್ತು, ಈ ಚೀಟಿಯಲ್ಲಿ ಹೆಣ್ಣು. ಅತ್ತೆ ಗುಂಡಿ ಹಾಕುವ ಮಿಷಿನ್ನಿನವಳು. ಅಲ್ಲಿ ಯಾರಿಗೂ ಅತ್ತೆಯಲ್ಲ, ಆದರೆ ಹೆಂಗಸರ ಶೌಚಾಲಯದ ಕೀಲಿಕೈ ಅವಳ ಕೊರಳಲ್ಲಿದ್ದುದರಿಂದ ಎಲ್ಲರಿಗೂ ಅತ್ತೆಯೇ.

ಕೇಳಬೇಕಾದ ಮಾತನ್ನು ಕಾಲರ್ ಬೆಳಗಿನಿಂದ ಮನಸ್ಸಿನಲ್ಲೇ ಹೊಲಿದು ಬಿಚ್ಚಿ, ಹೊಲಿದು ಬಿಚ್ಚಿ ಸುಸ್ತಾಗಿದ್ದಳು. ಗಂಡಸರ ಕಡೆ ಹೋದರೆ ನಗು, ಈ ಕಡೆ ಬೀಗ. ಕೊನೆಗೆ ಬಾಯಿಂದ ಬಂದದ್ದು ಇಷ್ಟೇ:

"ಅತ್ತೆ, ಕೀಲಿಕೈ ಬೇಕಿತ್ತು."

ಅತ್ತೆ ಕನ್ನಡಕ ಏರಿಸಿ, ಚೀಟಿಯನ್ನು ಮಾರು ದೂರ ಹಿಡಿದು, ಫೋಟೋವನ್ನೂ ಮುಖವನ್ನೂ ಎರಡೆರಡು ಸಲ ನೋಡಿ, ಫೋಟೋ ಚೆನ್ನಾಗಿ ಬಂದಿಲ್ಲ ಎಂದು ತೀರ್ಪು ಕೊಟ್ಟಳು. ಆಮೇಲೆ, "ಸರ್ಕಾರ ಏನೋ ಹೆಣ್ಣು ಅಂತ ಬರೆದುಬಿಡ್ತು. ಅದಕ್ಕೇನು, ನಮ್ಮ ಕ್ಯೂನಲ್ಲಿ ಬಂದು ನಿಲ್ಬೇಕಾ?" ಎಂದಳು.

ಹದಿನೆಂಟು ಹೆಂಗಸರಿಗೆ ಇದ್ದದ್ದು ಒಂದೇ ಬಾಗಿಲು. ತೋಳಿನ ಪಟ್ಟಿ ಹೊಲಿಯುವ ಇಪ್ಪತ್ತರ ಹುಡುಗಿ, ಬಾಯಿಯ ದೆಸೆಯಿಂದ ಪಟಾಕಿ ಎನ್ನಿಸಿಕೊಂಡವಳು, ಊಟದ ಡಬ್ಬಿ ಮುಚ್ಚಿ ಎದ್ದು ಬಂದಳು. ಚೀಟಿ ಸಿಕ್ಕಿದ್ದು ಸಂತೋಷವೇ, ಆದರೆ ತನಗೆ ಒಂಥರಾ ಆಗುತ್ತದೆ, ಬೇಕಾದರೆ ಮಾಲೀಕರು ಬೇರೆಯದೊಂದು ಕಟ್ಟಿಸಿಕೊಡಲಿ ಎಂದಳು. ಅಲ್ಲಿಯವರೆಗೆ ಏನು ಮಾಡಬೇಕೆಂದು ಅವಳೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಉಳಿದವರು ತಮ್ಮ ತಮ್ಮ ಡಬ್ಬಿಯೊಳಗೆ ಏನನ್ನೋ ಹುಡುಕತೊಡಗಿದರು. ಚೀಟಿ ವಾಪಸು ಪಡೆಯಲು ಕಾಲರ್ ಕೈ ಚಾಚಿದಳು.

ಅತ್ತೆ ಕೊಡಲಿಲ್ಲ. "ಬೆಳಗ್ಗೆ ತುಂಬಿಸ್ಕೊಂಡು ಬಂದ ನೀರಿನ ಬಾಟ್ಲಿ ಸಾಯಂಕಾಲ ಹಾಗೇ ಹೊತ್ಕೊಂಡು ಹೋಗ್ತೀಯ. ನನಗೇನು ಕಣ್ಣು ಕಾಣಲ್ವಾ?" ಎಂದು ಬೈದಂತೆ ಹೇಳಿ, ಪಟಾಕಿಯ ಕಡೆ ತಿರುಗಿದಳು. ಶೌಚಾಲಯ ತೊಳೆಯುವ ಪಾಳಿಯ ಪಟ್ಟಿಯನ್ನು ಇವತ್ತು ಬದಲಾಯಿಸಬೇಕೆಂದಿದ್ದಳಂತೆ. ಹೋದ ತಿಂಗಳು ಕೆಲಸ ಬಿಟ್ಟವಳ ಗುರುವಾರ ಪಟಾಕಿಯ ತಲೆಗೇ ಬಿದ್ದಿತ್ತಲ್ಲ, ಪಾಪ, ಒಬ್ಬಳಿಗೇ ಎರಡು ಪಾಳಿ. ಅದನ್ನು ಕಾಲರ್‌ಗೆ ಕೊಡೋಣವೆಂದು ಯೋಚಿಸಿದ್ದಳಂತೆ. ಈಗ ಒಂಥರಾ ಆಗುವುದಾದರೆ ಬೇಡ, ಗುರುವಾರ ಪಟಾಕಿಗೇ ಇರಲಿ.

ಪಟಾಕಿ ಸದ್ದಿಲ್ಲದೆ ನಿಂತದ್ದನ್ನು ಆ ಹದಿನೇಳು ಜನ ನೋಡಿದ್ದು ಅದೇ ಮೊದಲು. ಆಮೇಲೆ ಅತ್ತೆಯ ಕೊರಳಿನಿಂದ ತಾನೇ ಕೀಲಿಕೈ ಬಿಡಿಸಿ, ಕಾಲರ್‌ಳ ಅಂಗೈಯಲ್ಲಿಟ್ಟಳು.

"ಅಕ್ಕಾ, ಒಳಗಿನ ಚಿಲಕ ಬಿಗಿ. ಬಾಗಿಲು ಸ್ವಲ್ಪ ಮೇಲಕ್ಕೆತ್ತಿ ಹಾಕ್ಕೋ. ಇಲ್ದಿದ್ರೆ ಯಾರಾದ್ರೂ ನುಗ್ಗಿಬಿಡ್ತಾರೆ."