ಇಳಿಯುವ ಗೆರೆ

ಥೈರಾಯ್ಡ್ ಚಿಕಿತ್ಸೆಗೆ ವಿಕಿರಣಶೀಲ ಅಯೋಡಿನ್ ಮಾತ್ರೆ ನುಂಗಿದ ನೀಲಾಂಬಿಕಾ, ಆಸ್ಪತ್ರೆಯಿಂದ ಬಂದವಳೇ ಮಹಡಿಯ ಕೋಣೆ ಸೇರಿದಳು. ವಿಕಿರಣ ಕಾಲುಭಾಗಕ್ಕೆ ಇಳಿಯುವವರೆಗೆ ಯಾರೂ ಅವಳ ಹತ್ತಿರ ಹೋಗುವಂತಿರಲಿಲ್ಲ. ಭೌತಶಾಸ್ತ್ರ ಕಲಿಸುವ ಗಂಡ ಮೃತ್ಯುಂಜಯ ಅಡುಗೆಮನೆಯ ಗೋಡೆಗೆ ಗ್ರಾಫ್ ಹಾಳೆ ಅಂಟಿಸಿ, ಬಾಗಿ ಇಳಿಯುವ ಗೆರೆಯೊಂದನ್ನು ಎಳೆದ.

"ಎಂಟು ದಿನಕ್ಕ ಅರ್ಧ ಆಗ್ತೈತಿ ಅವ್ವಾ. ಮತ್ತೆಂಟು ದಿನಕ್ಕ ಅದರಾಗ ಅರ್ಧ."

ಅವನ ತಾಯಿ ಗೌರವ್ವ ಹೊತ್ತುಹೊತ್ತಿಗೆ ಸೊಸೆಯ ಬಾಗಿಲ ಹೊರಗೆ ಬಿಸಿ ರೊಟ್ಟಿ ಇಟ್ಟು ಬರುತ್ತಿದ್ದಳು. ಕಿಟಕಿಯಲ್ಲಿ ಇಣುಕಿದರೆ ಸೊಸೆ ಒಮ್ಮೆ ಕಾದಂಬರಿ ಓದುತ್ತಿರುತ್ತಿದ್ದಳು, ಒಮ್ಮೆ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಕೆಳಗಿಳಿದ ಗೌರವ್ವ ಗ್ರಾಫಿನ ಮುಂದೆ ನಿಂತು, "ಇವತ್ತ ಎಲ್ಲಿಗೆ ಬಂತಪಾ?" ಎಂದು ಕೇಳುತ್ತಿದ್ದಳು. ಅವ್ವನಿಗೆ ಸೊಸೆಯ ಮೇಲೆ ಸಿಟ್ಟು ಬಂದಿದೆಯೆಂದು ಮಗನಿಗೆ ಕಸಿವಿಸಿ.

ಕೊನೆಗೊಂದು ಬೆಳಿಗ್ಗೆ ಅವನು ಹೇಳಿದ: "ಕಾಲುಭಾಗಕ್ಕ ಬಂತವ್ವಾ. ಡಾಕ್ಟ್ರೂ ಹೂಂ ಅಂದಾರ. ನಾಳಿಂದ ಅಕಿ ಕೆಳಗ ಬರತಾಳ."

"ಅಕಿಗೆ ಪೂರಾ ಆರಾಮಾತೇನು?"

"ಆತು."

ಗೌರವ್ವ ಒಲೆಯ ಉರಿ ತಗ್ಗಿಸಿ, ಮಗನ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದಳು:

"ನನಗೂ ಥೈರಾಯ್ಡ್ ಇರಬೇಕು ಅನಸ್ತೈತಿ, ಒಮ್ಮೆ ತೋರಸ್ತೀಯೇನು?"