ಹಿಂದಿನ ಸೀಟಿನ ನಡುಮಧ್ಯ

"ಎಂಗೆ ಸಾವ್ಕಾರ್ರೇ, ಈಗ್ಲೂ ಕುಲುಕ್ತದಾ?" ಎನ್ನುತ್ತ ಕುಳ್ಳಯ್ಯ ಫಿಯಟ್ ಕಾರಿನ ಹಿಂಬದಿಯನ್ನು ಎರಡೂ ಕೈಯಿಂದ ಅದುಮಿ ನೋಡಿದ. ಹುಣಸೂರಿನ ಪೇಟೆ ಮುಗಿಯುವಲ್ಲಿ ಅವನದೊಂದು ತಗಡಿನ ಗ್ಯಾರೇಜು.

"ಇಲ್ಲ ಕಣಯ್ಯ. ಇಂದ್ಗಡೆ ಭಾರ ಇಕ್ಕಿ ಅಂದಿದ್ದೆಯಲ್ಲ, ಅಂಗೇ ಮಾಡ್ದೆ." ಷಣ್ಮುಖಪ್ಪ ಸಿಗರೇಟಿನ ತುದಿಯಿಂದ ಹಿಂದಿನ ಸೀಟಿನತ್ತ ತೋರಿಸಿದ. "ಅಗಾ, ಕುಂತದಲ್ಲ. ಎಲ್ಲಿಗೋದ್ರೂ ಏರ್ಕೊಂಡೇ ಓಯ್ತೀನಿ. ಮುಂದೆ ಕುಂತೋರಿಗೆ ಈಗ ತೊಟ್ಲು ತೂಗ್ದಂಗೆ ಆಯ್ತದೆ."

ಕುಳ್ಳಯ್ಯ ನಗಲು ಹೋಗಿ, ಕಿಟಕಿಯೊಳಗೆ ಸಾಹುಕಾರನ ಹೆಂಡತಿ ಪ್ರೇಮಮ್ಮನ ಮುಖ ಕಂಡು ತಲೆ ತಗ್ಗಿಸಿದ. "ನಾ ಏಳಿದ್ದು ಮರಳು ಮೂಟೆ, ಸಾವ್ಕಾರ್ರೇ."

"ಮರಳು ಮೂಟೆ ಆಕುದ್ರೆ ಸೀಟೆಲ್ಲ ಗಲೀಜು. ಇದಾದ್ರೆ ತಾನೇ ಅತ್ತದೆ, ತಾನೇ ಇಳೀತದೆ."

ಪ್ರೇಮಮ್ಮ ಸೀಟಿನ ನಡುಮಧ್ಯದಲ್ಲಿ ಕೂತಿದ್ದಳು. ಅವಳ ಜಾಗ ಅದೇ. ಗಂಡನ ಪಕ್ಕ ಮುಂದೆ ಕೂತರೆ ತಮ್ಮೂರು ಮಿರ್ಲೆಯಲ್ಲಿ ಆಡಿಕೊಳ್ಳುತ್ತಾರೆ; ಆ ಸೀಟು ಅವನ ಗೆಳೆಯರದು. ಆದರೆ ಮೊದಲ ಸಲ ಹಿಂದೆ ಹತ್ತಿ ಕಿಟಕಿಯ ಬಳಿ ಸರಿದಾಗ ಅವನು, "ಅಲ್ಲಿ ಬ್ಯಾಡ, ಮಧ್ಯಕ್ಕೆ ಕುಂತ್ಕೊ," ಎಂದಿದ್ದ. ಧೂಳು ಬಡಿಯುತ್ತದೆಂದು ಹೇಳಿದನೆಂದುಕೊಂಡಿದ್ದಳು. ಪಿರಿಯಾಪಟ್ಟಣಕ್ಕೆ ಹೊಗೆಸೊಪ್ಪಿನ ವ್ಯಾಪಾರಕ್ಕೆ ಹೋಗಲಿ, ಮೈಸೂರಿಗೆ ಹೋಗಲಿ, "ಒರಡು, ಸೀರೆ ಉಟ್ಕೊ," ಎನ್ನುತ್ತಿದ್ದ. ಇಷ್ಟು ವರ್ಷ ಒಂದು ಸಂತೆಗೂ ಜೊತೆಗೆ ಕರೆಯದ ಗಂಡಸು! ಕೆ.ಆರ್. ನಗರದ ಹೋಟೆಲಿನಲ್ಲಿ ಅವಳು ಬೇಡವೆಂದರೂ ಎರಡನೆಯ ದೋಸೆ ತರಿಸಿ, "ತಿನ್ನು, ಒಣಗಿ ಓಗಬ್ಯಾಡ," ಎನ್ನುತ್ತಿದ್ದ. ಆ ದೋಸೆಯ ಮಾತನ್ನು ಪಕ್ಕದ ಮನೆ ಬೀರಮ್ಮನಿಗೆ ಎಷ್ಟು ಸಲ ಹೇಳಿದ್ದಳೋ. "ನಿನ್ ಗಂಡ ಈಗ ದಾರಿಗೆ ಬಂದ ಬುಡು ಕಣಕ್ಕ," ಎಂದು ಬೀರಮ್ಮ ಕೆನ್ನೆ ಚಿವುಟಿದ್ದಳು.

ಆ ಕಾರನ್ನು ಮೊದಲು ಇಟ್ಟುಕೊಂಡಿದ್ದವನು ಮೈಸೂರಿನ ಯಾರೋ ಶೋಕಿಲಾಲ. ರೇಸಿಗೆಂದು ಹಿಂದಿನ ಸ್ಪ್ರಿಂಗಿಗೆ ಹೆಚ್ಚಿನ ಉಕ್ಕಿನ ಪಟ್ಟಿ ಕೂಡಿಸಿ ಗಡುಸು ಮಾಡಿ, ಬಾನೆಟ್ಟಿನ ಮೇಲೆ ಎರಡು ಕೆಂಪು ಗೆರೆ ಎಳೆಸಿದ್ದ. ಕಲ್ಲು ಸಿಕ್ಕರೆ ಸಾಕು, ಪೆಟ್ಟು ನೇರವಾಗಿ ಪ್ರೇಮಮ್ಮನ ಬೆನ್ನಿಗೆ. ರಾತ್ರಿ ಉಪ್ಪಿನ ಗಂಟು ಬಿಸಿ ಮಾಡಿ ಸೊಂಟಕ್ಕೆ ಒತ್ತಿಕೊಳ್ಳುತ್ತಿದ್ದಳು, ಅತ್ತೆಗೂ ಹೇಳದೆ. ಹೇಳಿದರೆ ಮನೆಯಲ್ಲೇ ಇರು ಎಂದುಬಿಟ್ಟಾನೆಂಬ ಭಯ. ನೋವಿಗಿಂತ ಆ ಭಯವೇ ದೊಡ್ಡದಾಗಿತ್ತು. ಎಂಥ ಹುಚ್ಚು ಹೆಂಗಸು ತಾನು ಎಂದು ಈಗ, ಮೂಟೆಯ ಮಾತು ಕೇಳಿದ ಮೇಲೆ, ಅಂದುಕೊಂಡಳು. ಅಳು ಬರಲಿಲ್ಲ. ಬಾಗಿಲು ತಳ್ಳಿ ಇಳಿದಳು.

"ಕುಳ್ಳಯ್ಯ, ಆ ಎಚ್ಚಿನ ಪಟ್ಟಿ ಬಿಚ್ಚಿದ್ರೆ ಕುಲುಕೋದು ನಿಲ್ತದಾ?"

"ನಿಲ್ತದೆ ಕಣವ್ವ. ಮದ್ಲೇ ಏಳಿದ್ದೆ ಸಾವ್ಕಾರ್ರಿಗೆ."

"ಅಂಗಾರೆ ಬಿಚ್ಚು."

"ಮುಟ್ಟಿಗಿಟ್ಟೀಯ!" ಷಣ್ಮುಖಪ್ಪ ಸಿಗರೇಟು ಎಸೆದ. "ಪಟ್ಟಿ ತಗುದ್ರೆ ಇಂದ್ಗಡೆ ಕುಸ್ದು ಕುಂತ್ಕೋತದೆ. ಗಾಡಿ ಗತ್ತೇ ಓಯ್ತದೆ. ನಿಂಗೇನಾಗದೆ ಇವ್ಳೇ, ಸುಮ್ನೆ ಕುಂತಿರಾಕೆ?"

"ನಂಗೇನಾಗದೆ ಅಂತ ಇವತ್ತು ಕೇಳ್ತಾ ಇದೀರಾ?"

"ಅತ್ತು ಗಾಡಿ. ಜನ ನೋಡ್ತಾವ್ರೆ."

ನಿಜ, ಎದುರಿನ ಟೀ ಅಂಗಡಿಯ ಬೆಂಚಿನಲ್ಲಿದ್ದವರೆಲ್ಲ ಇತ್ತಲೇ ನೋಡುತ್ತಿದ್ದರು. ಜನ ನೋಡುತ್ತಾರೆ ಎಂಬ ಒಂದು ಮಾತಿಗೆ ಅವಳು ಎಷ್ಟೋ ಸಲ ಬಾಯಿ ಮುಚ್ಚಿಕೊಂಡಿದ್ದಳು. ಇವತ್ತು, ನೋಡಲಿ ಅನ್ನಿಸಿತು.

ಗ್ಯಾರೇಜಿನ ಪಕ್ಕ ಗೋಡೆ ಕಟ್ಟಲು ಸುರಿದಿದ್ದ ಮರಳಿನ ಗುಡ್ಡೆಯಿತ್ತು. ಮೂಲೆಯಲ್ಲಿ ಬಿದ್ದಿದ್ದ ಗೋಣಿಚೀಲವನ್ನು ಎಳೆದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬರಿಗೈಯಿಂದಲೇ ಮರಳು ತುಂಬತೊಡಗಿದಳು. ಬಳೆಯೊಂದು ಒಡೆಯಿತು. ಕುಳ್ಳಯ್ಯ ಸಾಹುಕಾರನ ಮುಖ ನೋಡಿದ, ಅವಳ ಮುಖ ನೋಡಿದ, ಆಮೇಲೆ ಸಲಿಕೆ ತಂದ.

"ಲೇ, ಏನಾಟ ಇದು? ಬುದ್ಧಿ ಗಿದ್ದಿ ಅದಾ ನಿಂಗೆ?"

"ಇಕ್ಕು ಕುಳ್ಳಯ್ಯ," ಎಂದಳು ಪ್ರೇಮಮ್ಮ, ಗಂಡನ ಕಡೆ ತಿರುಗದೆ. "ನಡುಮಧ್ಯಕ್ಕೆ ಇಕ್ಕು. ಒಂದ್ಕಡೆ ವಾಲಿದ್ರೆ ಅವ್ರಿಗೆ ಆಗಾಕಿಲ್ಲ."

ಕುಳ್ಳಯ್ಯ ಉಸಿರು ಬಿಗಿಹಿಡಿದು ಮೂಟೆಯನ್ನು ಹೊತ್ತು ಸೀಟಿನ ಮೇಲೆ ನಿಲ್ಲಿಸಿದ. ಬೆಂಚಿನಲ್ಲಿದ್ದ ಯಾರೋ ಕಿಸಕ್ಕನೆ ನಕ್ಕರು. ಷಣ್ಮುಖಪ್ಪನ ಕಿವಿ ಕೆಂಪಾಯಿತು. ಮೂಟೆಯನ್ನು ಇಳಿಸು ಎನ್ನಲು ಬಾಯಿ ತೆರೆದವನು, ಮತ್ತೆ ನಗು ಕೇಳಿ, ಸರಕ್ಕನೆ ಕಾರು ಹತ್ತಿದ.

"ಎಂಗ್ ಬತ್ತೀಯ ನೀನು?"

"ಬಸ್ಸದೆ."

"ಬಾ, ಮನೇಗೆ ಬಾ, ಆಮ್ಯಾಕ್ ಐತೆ ನಿಂಗೆ."

ಪ್ರೇಮಮ್ಮ ಕಿಟಕಿಗೆ ಬಗ್ಗಿದಳು. ಕೈಗೆ ಮೆತ್ತಿದ್ದ ಮರಳನ್ನು ಒಂದೊಂದೇ ಬೆರಳಿನಿಂದ ಉದುರಿಸಿದಳು. "ಓಟ್ಲು ಬಂದಾಗ ನಿಲ್ಸೋದು ಮರೀಬ್ಯಾಡಿ. ಅದಕ್ಕೂ ಎಲ್ಡು ದೋಸೆ ಕೊಡ್ಸಿ."

ಗ್ಯಾರೇಜಿನ ಮುಂದೆ ರಸ್ತೆಗೆ ಅಡ್ಡವಾಗಿ ಒಂದು ಚರಂಡಿ ಹರಿದಿತ್ತು. ಬರುವಾಗ ಅಲ್ಲೇ ಅವಳು ನಾಲಿಗೆ ಕಚ್ಚಿಕೊಂಡಿದ್ದು. ಬಾಯಲ್ಲಿ ಇನ್ನೂ ರಕ್ತದ ರುಚಿಯಿತ್ತು. ಕಾರು ಆ ಚರಂಡಿಗೆ ಇಳಿದು ಹತ್ತಿತು. ಹಿಂದಿನ ಗಾಜಿನಲ್ಲಿ ಗೋಣಿಯ ತುದಿ ಮಾತ್ರ ಕಾಣುತ್ತಿತ್ತು.

ಕಾರು ಒಂದಿಷ್ಟೂ ಕುಲುಕಲಿಲ್ಲ.