ಒಂಟಿ ಸೀನು

ಧಾರೆಗೆ ಇದೇ ಇರಲಿ ಎಂದು ಎಲ್ಲರೂ ಒಪ್ಪಿದ ಹಸಿರು ರೇಷ್ಮೆಯ ಸೆರಗನ್ನು ಅಂಗಡಿಯವ ಬಿಚ್ಚುತ್ತಿದ್ದಂತೆ ಜಯವ್ವ ಮತ್ತೆ ಸೀನಿದಳು. ಒಂದೇ ಸಲ. ರಾಣೆಬೆನ್ನೂರಿನ ಆ ಜವಳಿ ಅಂಗಡಿಯ ಬಿಳಿ ಗಾದಿಯ ಮೇಲೆ ಕುಳಿತಿದ್ದ ಎರಡೂ ಮನೆಯವರು ಉಸಿರು ಬಿಗಿಹಿಡಿದು ಮದುಮಗಳ ಮೂಗನ್ನೇ ನೋಡಿದರು.

“ಇನ್ನೊಂದ ಸೀನವಾ,” ಎಂದು ಅವ್ವ ಹೊಳಿಯವ್ವ ಅವಳ ಬೆನ್ನು ತಿವಿದಳು. “ಒಂಟಿ ಸೀನು ಛಲೋ ಅಲ್ಲ. ಎರಡಾದ್ರ ಚಿಂತಿಲ್ಲ. ಹಂಗ ಬಾಗಲದ ಕಡೆ ಬಿಸಲ ನೋಡು, ಬರತೈತಿ.”

ಜಯವ್ವ ಬಿಸಿಲನ್ನು ನೋಡಿದಳು. ಬರಲಿಲ್ಲ.

“ತಗೀರಿ ಅದನ್ನ,” ಎಂದಳು ಅತ್ತೆಯಾಗಲಿರುವ ಗದಿಗೆವ್ವ. “ಧಾರಿ ಸೀರಿಗೇ ಒಂಟಿ ಸೀನು ಅಂದ್ರ ಹೆಂಗ? ಬ್ಯಾರೆ ತೋರಸ್ರಿ.”

ಬ್ಯಾಡಗಿಯಿಂದ ಬಂದ ಬೀಗರ ಮೈಬಟ್ಟೆಗೆಲ್ಲ ಮೆಣಸಿನಕಾಯಿಯ ಘಾಟು. ಮದುಮಗ ಲಕ್ಷ್ಮಪ್ಪ ಅಲ್ಲಿಯ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ಬೆಳಿಗ್ಗೆ ಚೀಲಗಳ ನಡುವಿನಿಂದಲೇ ಎದ್ದು ಬಸ್ ಹತ್ತಿದ್ದ. ಅವರಿಗೆ ಅದು ರೂಢಿ, ಹಾವೇರಿಯ ಜಯವ್ವನ ಮೂಗಿಗೆ ಅಲ್ಲ. ಹಾಗಾಗಿ ಒಳ್ಳೊಳ್ಳೆಯ ಸೀರೆಗಳೆಲ್ಲ ಬಿಚ್ಚಿಸಿಕೊಂಡು, ಹೊಗಳಿಸಿಕೊಂಡು, ಒಂದು ಸೀನಿಗೆ ಸೋತು ಮೂಲೆ ಸೇರುತ್ತಿದ್ದವು.

ಅವಳಿಗೆ ಸೀರೆಯ ಚಿಂತೆಯಿರಲಿಲ್ಲ. ದಣಿವಿತ್ತು. ಪೇಟೆಯ ಹಂಗಾಮು ಮುಗಿಯಲೆಂದು ಮದುವೆಯನ್ನು ಬೇಸಿಗೆಗೆ ನೂಕಿದ್ದರು. ಲಗ್ನಪತ್ರಿಕೆಯ ಬಣ್ಣ ಕಾಕಾನ ಆಯ್ಕೆ. ಅವಳ ಚಪ್ಪಲಿಯನ್ನೂ ಚಿಗವ್ವ ತನ್ನ ಕಾಲಿಗೆ ಹಾಕಿ ನೋಡಿ ತಂದಿದ್ದಳು. ಎಲ್ಲಕ್ಕೂ ‘ಹೂಂ’ ಅಂದಿದ್ದ ಜಯವ್ವ ಒಂದನ್ನು ಮಾತ್ರ ತನಗೆಂದು ಇಟ್ಟುಕೊಂಡಿದ್ದಳು. ನಿಶ್ಚಯದ ದಿನ ಹಿತ್ತಲಲ್ಲಿ ಕೈತೊಳೆಯುವ ನೆವದಲ್ಲಿ ಲಕ್ಷ್ಮಪ್ಪ ಕೇಳಿದ್ದ: “ಮದಿವಿ ಆದಮ್ಯಾಲೆ ಎಲ್ಲಿಗೆ ಹೋಗೂಣು?”

“ಸಮುದ್ರಕ್ಕ,” ಎಂದಿದ್ದಳು ತಟ್ಟನೆ. ಅಜ್ಜಿಯ ಕಥೆಗಳಲ್ಲಿ ರಾಜಕುಮಾರಿಯರು ಏಳು ಸಮುದ್ರ ದಾಟುತ್ತಿದ್ದರು. ಅವಳು ಒಂದನ್ನೂ ಕಂಡಿರಲಿಲ್ಲ.

“ಹಂಗಾರ ಕಾರವಾರ. ನಾವಿಬ್ಬರ,” ಎಂದು ಅವನು ಕೈ ತೊಳೆದದ್ದನ್ನು ಮರೆತು ಮತ್ತೊಮ್ಮೆ ತೊಳೆದಿದ್ದ.

ಚಹಾ ಬಂತು. ಗದಿಗೆವ್ವ ಬಸಿಗೆ ಸುರಿದುಕೊಂಡು ಊದಿದಳು. “ಬೀಗತ್ಯಾರ, ನಮ್ಮ ಹುಡುಗ ಕಾರವಾರ ಅನ್ನಾಕತ್ಯಾನ. ಹೊಸಾ ಜೋಡಿ ಇಬ್ಬರ ಹೋದ್ರ ಮಂದಿ ಏನಂದಾರು? ಎಲ್ಲಾರೂ ಕೂಡೇ ಗೋಕರ್ಣಕ್ಕ ಹೋಗೂಣು. ದೇವರೂ ಆತು, ಸಮುದ್ರನೂ ಆತು. ಟೆಂಪೋ ಹೇಳೀನಿ. ಮಗಳು, ಅಳಿಯಾ, ಹುಡುಗರು, ನಮ್ಮ ತಂಗಿ ಮನಿಯಾವ್ರು. ನೀವೂ ಬರ್ರಿ. ರೊಟ್ಟಿ ಕಟಗೊಂಡ್ರಾತು.”

“ಭಾಳ ಛಲೋ ಆತಲ್ರೀ ಅಕ್ಕಾರ. ಶೇಂಗಾ ಚಟ್ನಿ ನಮ್ಮ ಕಡಿಂದ,” ಎಂದಳು ಹೊಳಿಯವ್ವ.

ಜಯವ್ವ ಲಕ್ಷ್ಮಪ್ಪನತ್ತ ನೋಡಿದಳು. ಅವನು ಗಾದಿಯ ಹೊಲಿಗೆ ಕೀಳುತ್ತಿದ್ದ.

“ಅಲ್ಲ ಯವ್ವಾ…” ಎಂದ.

“ಏನಲೇ?”

“ಏನಿಲ್ಲ. ಮುಂದಿನ ಸೀಟು ವಾಂತಿ ಆಗೂ ಮಂದಿಗೆ ಬಿಡ್ರಿ ಅಂತ.”

ಜಯವ್ವ ಸೀನಿದಳು. ಈ ಸಲ ಮೂಗು ತುರಿಸಿರಲಿಲ್ಲ, ಘಾಟೂ ಬಡಿದಿರಲಿಲ್ಲ. ಅದು ಅವಳೊಬ್ಬಳಿಗೇ ಗೊತ್ತು.

ಗದಿಗೆವ್ವನ ಬಸಿ ಬಾಯಿಯ ಹತ್ತಿರವೇ ನಿಂತಿತು. “ಅಯ್ಯ, ಹೊಂಡೂ ಮಾತಿಗೇ ಸೀನಿದಿಯಲ್ಲ! ಇನ್ನೊಂದ ಬರತೈತೇನ ನೋಡ ಯವ್ವಾ. ಬಂದ್ರ ಟೆಂಪೋ ಹೊಂಟಂಗ. ಬರಲಿಲ್ಲಂದ್ರ ಗೋಕರ್ಣನೂ ಇಲ್ಲ, ಕಾರವಾರನೂ ಇಲ್ಲ. ಒಂಟಿ ಸೀನಿನ ಮ್ಯಾಲೆ ಹೊಸಾ ಮದುಮಕ್ಕಳನ್ನ ನಾ ಎಲ್ಲಿಗೂ ಹೊಂಡಸೂದಿಲ್ಲ.”

ಇದನ್ನು ಜಯವ್ವ ಎಣಿಸಿರಲಿಲ್ಲ. ಟೆಂಪೋ ನಿಂತರೆ ಸಾಕು ಅಂದುಕೊಂಡಿದ್ದಳು. ಅವ್ವ ಮತ್ತೆ ಬಿಸಿಲಿನತ್ತ ಅವಳ ಗದ್ದ ತಿರುಗಿಸಿದಳು. ಇನ್ನೊಂದು ಸೀನಿದರೆ ಸಮುದ್ರ ಸಿಗುತ್ತಿತ್ತು. ದಂಡೆಯ ಮೇಲೆ ಕುಳಿತು ಎಲ್ಲರಿಗೂ ರೊಟ್ಟಿ ಬಡಿಸುವ ತಾನು, ಅಳುವ ಹುಡುಗರ ಮೂಗು ಒರೆಸುವ ತಾನು, ಮಂದಿಯ ಬೆನ್ನುಗಳ ಸಂದಿಯಲ್ಲಿ ಒಂದಿಷ್ಟು ನೀರು: ಎಲ್ಲವೂ ಕಣ್ಣಿಗೆ ಕಟ್ಟಿತು.

“ಇಲ್ರೀ ಅತ್ತಿ,” ಎಂದಳು. “ಬರವಲ್ದು.”

“ಹೋಗಲಿ ಬಿಡು. ಮನ್ಯಾಗ ಇದ್ರಾತು,” ಎಂದು ಗದಿಗೆವ್ವ ಚಹಾ ಮುಗಿಸಿದಳು. ಖಾಲಿ ಕಪ್ಪು ಇಡುವ ನೆವದಲ್ಲಿ ಲಕ್ಷ್ಮಪ್ಪ ಜಯವ್ವನತ್ತ ಬಾಗಿದ. “ಅದು ಖರೇ ಸೀನೇನು?” ಎಂದು ಪಿಸುಗುಟ್ಟಿದ.

“ನೀವರ ಒಂದ ಮಾತ ಆಡಬೇಕಿತ್ತಲ್ರಿ,” ಎಂದಳು. ಅವನ ಕೈ ಮತ್ತೆ ಗಾದಿಯ ಹೊಲಿಗೆ ಹುಡುಕಿತು.

ಅಂಗಡಿಯವ ಮಾತು ಬದಲಿಸಲೆಂದು ಮೇಲಿನ ಅಟ್ಟಣಿಗೆಯಿಂದ ಒಂದು ನೀಲಿ ಸೀರೆ ಎಳೆದು ಝಾಡಿಸಿ ಎಸೆದ. “ಸುಮ್ನ ನೋಡ್ರಿ, ನೋಡಾಕೇನ ರೊಕ್ಕ ಇಲ್ಲ.” ಅದು ಗಾದಿಯ ಉದ್ದಕ್ಕೂ ಉಬ್ಬುತ್ತ, ಇಳಿಯುತ್ತ ಬಂದು ಜಯವ್ವನ ಮೊಣಕಾಲ ಬಳಿ ಮುರಿದು ಬಿತ್ತು.

“ಮದಿವ್ಯಾಗ ಯಾರರ ನೀಲಿ ಉಡತಾರೇನ್ರಿ? ಮಡಚ್ರಿ, ಮಡಚ್ರಿ,” ಎಂದಳು ಗದಿಗೆವ್ವ. ಅಂಗಡಿಯವ ಆ ತುದಿಯಿಂದ ಹಿಂದಕ್ಕೆ ಎಳೆದುಕೊಳ್ಳತೊಡಗಿದ.

“ಸ್ವಲ್ಪ ತಡೀರಿ,” ಎಂದಳು ಜಯವ್ವ. ಮುಂಜಾನೆಯಿಂದ ಮಡಚಿಕೊಂಡೇ ಇದ್ದ ಕಾಲುಗಳನ್ನು ಬಿಡಿಸಿ, ಪಾದಗಳನ್ನು ಆ ನೀಲಿಯೊಳಗೆ ಇಳಿಬಿಟ್ಟಳು.